ಉಂಗುರ ತೊಟ್ಟ ಮರಕುಟಿಗಗಳ ಹಿಂದೆ ಒಂದು ಸೀಸನ್: ಅರ್ಜಿಯಿಂದ ಸರಹದ್ದಿನ ನಕ್ಷೆಯವರೆಗೆ

ಕ್ಯಾಲಿಫೋರ್ನಿಯಾದ ಓಕ್ ಕಾಡಿನಲ್ಲಿ ಏಕಾರ್ನ್ ವುಡ್‌ಪೆಕರ್ ಎಂಬ ಮರಕುಟಿಗದ ಅಧ್ಯಯನ ನಡೆಯುವ ಜಾಗವೊಂದರಲ್ಲಿ ಫೀಲ್ಡ್ ಸಹಾಯಕಿಯಾಗಿ ಕೆಲಸ ಮಾಡಿ ಈಗಷ್ಟೇ ಬಂದಿದ್ದೇನೆ. ಕಾಲಿಗೆ ಬಣ್ಣದ ಉಂಗುರ ತೊಡಿಸಿದ ಹಕ್ಕಿಗಳನ್ನು ದೂರದಿಂದ ಗುರುತಿಸಬೇಕು. ಯಾವ ಹಕ್ಕಿ ಯಾವ ಗುಂಪಿನದು, ಆ ಗುಂಪಿನ ಸರಹದ್ದು ಎಲ್ಲಿಗೆ ಮುಗಿಯುತ್ತದೆ ಅಂತ ಬರೆದಿಡಬೇಕು. ಕೆಲಸ ಇಷ್ಟೇ. ಆದರೆ ಹೋಗುವ ಮೊದಲು ಇದರ ಬಗ್ಗೆ ಹುಡುಕಿದಾಗ ಸಿಕ್ಕಿದ್ದೆಲ್ಲ ಸಂಶೋಧನಾ ಲೇಖನಗಳು. ಯಾವ ಕಾಗದ ಬೇಕು, ಎಷ್ಟು ಖರ್ಚಾಗುತ್ತದೆ, ಬೆಳಗ್ಗೆ ಮರದ ಕೆಳಗೆ ಕೂತ ಮೇಲೆ ನಿಜವಾಗಿ ಏನು ಮಾಡಬೇಕು ಅಂತ ಹೇಳುವವರು ಯಾರೂ ಸಿಗಲಿಲ್ಲ. ಮುಂದೆ ಹೋಗುವವರಿಗೆ ಆ ಪರದಾಟ ಬೇಡ ಅಂತ ಎಲ್ಲವನ್ನೂ ಬರೆಯುತ್ತಿದ್ದೇನೆ.

ಮೊದಲು ಅರ್ಜಿ. ಇಂಥ ಕೆಲಸಗಳಿಗೆ ಚಳಿಗಾಲದಲ್ಲೇ ಕರೆಯುತ್ತಾರೆ, ಯಾಕಂದ್ರೆ ಏಪ್ರಿಲ್ ಹೊತ್ತಿಗೆ ಹಕ್ಕಿಗಳು ಗೂಡಿಗೆ ಕೂರುತ್ತವೆ. ರೆಸ್ಯೂಮೆ, ಒಂದು ಪುಟದ ಪತ್ರ, ನಮ್ಮ ಬಗ್ಗೆ ನಾಲ್ಕು ಮಾತು ಹೇಳಬಲ್ಲ ಇಬ್ಬರ ಹೆಸರು, ಇಷ್ಟು ಕೇಳಿದರು. ನನ್ನ ಹತ್ತಿರ ಜೀವಶಾಸ್ತ್ರದ ಪದವಿ ಇರಲಿಲ್ಲ. ವಾರಾಂತ್ಯಗಳಲ್ಲಿ ಹಕ್ಕಿ ನೋಡುತ್ತಾ ತುಂಬಿಸಿದ್ದ ನೋಟ್‌ಬುಕ್‌ಗಳಿದ್ದವು. ಅವುಗಳ ಕೆಲವು ಪುಟಗಳ ಫೋಟೋ ತೆಗೆದು ಅರ್ಜಿ ಜೊತೆ ಕಳಿಸಿದೆ. ಸಂದರ್ಶನದಲ್ಲಿ ಅವರು ಜಾಸ್ತಿ ಮಾತಾಡಿದ್ದು ಆ ಪುಟಗಳ ಬಗ್ಗೆಯೇ. ಸಮಯ ಬರೆದಿದ್ದೀರಿ, ಹವಾಮಾನ ಬರೆದಿದ್ದೀರಿ, ಹಕ್ಕಿ ಕಾಣದ ದಿನವನ್ನೂ ಬರೆದಿದ್ದೀರಿ, ಇದು ನಮಗೆ ಬೇಕು ಅಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: ಕೆಂಪು, ಹಸಿರು ಬಣ್ಣಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತೀರಾ? ಬಣ್ಣ ಸರಿಯಾಗಿ ಕಾಣದವರಿಗೆ ಗೂಡಿನ ಕೆಲಸ, ನಕ್ಷೆಯ ಕೆಲಸ ಕೊಡುತ್ತಾರೆ, ಉಂಗುರ ಓದುವ ಕೆಲಸ ಕೊಡುವುದಿಲ್ಲ. ನಿಮಗೆ ಸ್ವಲ್ಪ ಅನುಮಾನವಿದ್ದರೂ ಮೊದಲೇ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ.

ಆಯ್ಕೆಯಾದೆ ಅನ್ನುವ ಖುಷಿ ಜಾಸ್ತಿ ದಿನ ಉಳಿಯಲಿಲ್ಲ. ನಾನು ಎಚ್-4 ವೀಸಾದಲ್ಲಿ ಇರುವವಳು, ಅಂದರೆ ಎಚ್-1ಬಿ ಕೆಲಸದ ವೀಸಾದಲ್ಲಿರುವ ಗಂಡನ ಜೊತೆ ಬಂದವಳು. ಆ ಕೆಲಸಕ್ಕೆ ಸಣ್ಣ ಭತ್ಯೆ, ಇರೋಕೆ ಕೋಣೆ ಎರಡೂ ಇತ್ತು. ಕೆಲಸದ ಪರವಾನಗಿ, ಅಂದರೆ ಇಎಡಿ ಕಾರ್ಡ್ ಇಲ್ಲದೆ ಭತ್ಯೆ ತೆಗೆದುಕೊಳ್ಳುವ ಹಾಗಿಲ್ಲ. ಹಾಗಾದರೆ ದುಡ್ಡು ಬೇಡ, ಸುಮ್ನೆ ಸ್ವಯಂಸೇವಕಿಯಾಗಿ ಬರ್ತೀನಿ, ಕೋಣೆ ಕೊಡಿ ಸಾಕು ಅಂದೆ. ಕೆಲಸಕ್ಕೆ ಬದಲಾಗಿ ಕೋಣೆ ಕೊಟ್ಟರೆ ಅದೂ ಸಂಬಳದ ಲೆಕ್ಕಕ್ಕೇ ಬರುತ್ತದೆ ಅಂತ ಅವರ ಕಚೇರಿಯವರು ಒಪ್ಪಲಿಲ್ಲ. ಈ ವಿಷಯ ನನಗೆ ಗೊತ್ತೇ ಇರಲಿಲ್ಲ. ನನ್ನಂಥ ವೀಸಾದಲ್ಲಿರುವ ಎಷ್ಟೋ ಜನರಿಗೆ ಗೊತ್ತಿರಲಾರದು ಅಂತ ಇಲ್ಲಿ ಹೇಳುತ್ತಿದ್ದೇನೆ. ಊಟ, ವಸತಿ ಕೊಡುವ ಯಾವುದೇ ಫೀಲ್ಡ್ ಕೆಲಸಕ್ಕೆ ಹೂಂ ಅನ್ನುವ ಮೊದಲು ವಲಸೆ ವಕೀಲರನ್ನು ಒಂದು ಮಾತು ಕೇಳಿ.

ಗಂಡನ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಅವರ ಕಂಪನಿ ಹಾಕಿದ್ದ ಅರ್ಜಿ, ಮಂಜೂರಾಗಿದ್ದರಿಂದ ಇಎಡಿಗೆ ಅರ್ಜಿ ಹಾಕುವ ಅವಕಾಶ ನನಗಿತ್ತು. ಐ-765 ಫಾರಂ ತುಂಬಿಸಿ, ಮದುವೆ ಪ್ರಮಾಣಪತ್ರ, ಗಂಡನ ಐ-140 ಮಂಜೂರಾತಿಯ ಪ್ರತಿ, ಇಬ್ಬರ ಐ-94 (ದೇಶದೊಳಗೆ ಬಂದ ದಾಖಲೆ), ಪಾಸ್‌ಪೋರ್ಟ್ ಪುಟಗಳು, ಫೋಟೋ ಎಲ್ಲ ಜೋಡಿಸಿ ಅಂಚೆಗೆ ಹಾಕಿದೆವು. ಕಾಗದದ ಅರ್ಜಿಗೆ ಆಗ 520 ಡಾಲರ್ ಶುಲ್ಕ. ನನ್ನ ಫಾರಂನಲ್ಲೇ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೂಡ ಬೇಕಾ ಅಂತ ಕೇಳುವ ಜಾಗವಿತ್ತು. ಬೇಕು ಅಂತ ಗುರುತು ಹಾಕಿದ್ದಕ್ಕೆ ಆಮೇಲೆ ಇನ್ನೊಂದು ಕಚೇರಿಗೆ ಅಲೆಯುವುದು ತಪ್ಪಿತು.

ಆಮೇಲೆ ಕಾಯುವುದು. ಜನವರಿ ಹೋಯಿತು, ಫೆಬ್ರವರಿ ಹೋಯಿತು. ದಿನಾ ಬೆಳಗ್ಗೆ ಮೊದಲು ನೋಡುತ್ತಿದ್ದದ್ದು ಅರ್ಜಿಯ ಸ್ಥಿತಿಯನ್ನೇ. ಅಲ್ಲಿ ಅದೇ ಸಾಲು, 'ನಿಮ್ಮ ಅರ್ಜಿ ತಲುಪಿದೆ'. ಮಾರ್ಚ್ ಬಂದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಹಕ್ಕಿಗಳು ನನ್ನ ಕಾರ್ಡಿಗೆ ಕಾಯುವುದಿಲ್ಲ ಅಲ್ವಾ? ನಮ್ಮ ಮೇಲ್ವಿಚಾರಕಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಇನ್ನೊಬ್ಬರನ್ನು ತೆಗೆದುಕೊಳ್ಳುವುದಾದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ ಅಂತಲೂ ಸೇರಿಸಿದೆ. ಅವರು ಜಾಗ ಖಾಲಿ ಇಟ್ಟರು. ಜೊತೆಗೆ ಎಲ್ಲ ಹಕ್ಕಿಗಳ ಉಂಗುರದ ಪಟ್ಟಿ ಕಳಿಸಿ, ಬರುವಷ್ಟರಲ್ಲಿ ಬಾಯಿಪಾಠ ಮಾಡಿಕೊಂಡು ಬನ್ನಿ ಅಂದರು. ಆ ಕಾಯುವ ದಿನಗಳು ಹೊರೆ ಅನ್ನಿಸದೇ ಇದ್ದದ್ದು ಆ ಪಟ್ಟಿಯಿಂದ. ಕಾರ್ಡ್ ಕೈಗೆ ಬಂದಾಗ ಸೀಸನ್ ಶುರುವಾಗಿ ಸ್ವಲ್ಪ ದಿನ ಆಗಿತ್ತು. ಮಾರನೆಯ ದಿನವೇ ಹೊರಟೆ.

ಉಳಿದ ಕಾಗದಗಳು ಬೇಗ ಮುಗಿದವು. ಅಧ್ಯಯನ ನಡೆಯುವ ಕೇಂದ್ರದವರು ಬಳಸುವ ಆನ್‌ಲೈನ್ ಅರ್ಜಿ, ಪೆಟ್ಟಾದರೆ ನಿಮ್ಮ ಹೊಣೆ ಅನ್ನುವ ಮುಚ್ಚಳಿಕೆ, ಆರೋಗ್ಯ ವಿಮೆ, ಕಾರಿನ ವಿಮೆ, ತುರ್ತು ಸಂಪರ್ಕ, ಪ್ರಾಣಿಗಳನ್ನು ಸಂಶೋಧನೆಯಲ್ಲಿ ಹೇಗೆ ನಡೆಸಿಕೊಳ್ಳಬೇಕು ಅನ್ನುವ ಒಂದು ಆನ್‌ಲೈನ್ ತರಬೇತಿ. ಉಂಗುರದ ಪರವಾನಗಿ ಬಗ್ಗೆ ತುಂಬಾ ಜನ ಕೇಳುತ್ತಾರೆ. ದೂರದಿಂದ ನೋಡಿ ಬರೆದುಕೊಳ್ಳುವುದಕ್ಕೆ ಯಾವ ಪರವಾನಗಿಯೂ ಬೇಡ. ಹಕ್ಕಿ ಹಿಡಿಯುವುದಕ್ಕೆ, ಉಂಗುರ ತೊಡಿಸುವುದಕ್ಕೆ ಮಾತ್ರ ಬೇಕೇ ಬೇಕು. ಅಮೆರಿಕದಲ್ಲಿ 1918ರ ವಲಸೆ ಹಕ್ಕಿ ಒಪ್ಪಂದ ಕಾಯ್ದೆಯ ಅಡಿ ಈ ಹಕ್ಕಿಗಳಿಗೆ ರಕ್ಷಣೆ ಇದೆ. ಊರು ಬಿಟ್ಟು ಹೋಗದ ಮರಕುಟಿಗಗಳೂ ಆ ಪಟ್ಟಿಯಲ್ಲಿ ಬರುತ್ತವೆ. ಉಂಗುರದ ಪರವಾನಗಿ ಕೊಡುವುದು 1920ರಲ್ಲಿ ಶುರುವಾದ ಬರ್ಡ್ ಬ್ಯಾಂಡಿಂಗ್ ಲ್ಯಾಬ್ ಅನ್ನುವ ಸರ್ಕಾರಿ ಕಚೇರಿ. ನಂಬರ್ ಇರುವ ಲೋಹದ ಉಂಗುರ ಬರುವುದು ಅಲ್ಲಿಂದಲೇ. ಬಣ್ಣದ ಉಂಗುರ ಹಾಕುವುದಕ್ಕೂ ಅವರ ಒಪ್ಪಿಗೆ ಬೇಕು. ಇದರ ಮೇಲೆ ರಾಜ್ಯದ ಪರವಾನಗಿ ಬೇರೆ. ನಮ್ಮಲ್ಲಿ ಅದೆಲ್ಲ ಮೇಲ್ವಿಚಾರಕಿಯ ಹೆಸರಿನಲ್ಲಿತ್ತು. ನಾನು ಒಂದು ಹಕ್ಕಿಯನ್ನೂ ಕೈಯಲ್ಲಿ ಹಿಡಿಯಲಿಲ್ಲ.

ಖರ್ಚಿನ ವಿಷಯ. ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿಯನ್ನು ಹತ್ತಿರ ತೋರಿಸುವ ದೂರದರ್ಶಕ) ಮತ್ತು ಟ್ರೈಪಾಡ್ ಕೇಂದ್ರದವರೇ ಕೊಟ್ಟರು. ನಾನು ಕೊಂಡದ್ದು 8x42 ಬೈನಾಕ್ಯುಲರ್, ಸುಮಾರು 200 ಡಾಲರ್. ಗಟ್ಟಿ ಬೂಟು, ಉದ್ದ ತೋಳಿನ ಎರಡು ಅಂಗಿ, ಮಡಚುವ ಪುಟ್ಟ ಕುರ್ಚಿ, ನೀರಿನ ಚೀಲ, ಎಲ್ಲ ಸೇರಿ ಇನ್ನೂ ಅಷ್ಟೇ. ಆ ಕುರ್ಚಿಗೆ ದುಡ್ಡು ಉಳಿಸಬೇಡಿ. ದಿನದಲ್ಲಿ ಎಷ್ಟೋ ಗಂಟೆ ಅದರ ಮೇಲೇ ಕಳೆಯುತ್ತದೆ. ಪೆಟ್ರೋಲಿಗೆ ಭತ್ಯೆಯ ದೊಡ್ಡ ಪಾಲು ಹೋಯಿತು, ಯಾಕಂದ್ರೆ ದಿನಸಿ ತರಬೇಕಾದರೂ ಅಂಕುಡೊಂಕು ದಾರಿಯಲ್ಲಿ ಕಣಿವೆ ಇಳಿದು ಹೋಗಬೇಕು. ಒಟ್ಟು ಲೆಕ್ಕ ಹಾಕಿದರೆ ಕೈಯಿಂದ ಸ್ವಲ್ಪ ಹೋಯಿತೇ ಹೊರತು ಉಳಿಯಲಿಲ್ಲ. ಅದನ್ನು ಮೊದಲೇ ತಿಳಿದು ಹೋಗುವುದು ಒಳ್ಳೆಯದು.

ಇನ್ನು ಹಕ್ಕಿ. ಏಕಾರ್ನ್ ಅಂದರೆ ಓಕ್ ಮರದ ಕಾಯಿ. ಈ ಮರಕುಟಿಗ ಶರತ್ಕಾಲದಲ್ಲಿ ಆ ಕಾಯಿಗಳನ್ನು ಕಿತ್ತು ತಂದು ಒಂದೊಂದು ಕಾಯಿಗೆ ಒಂದೊಂದು ತೂತು ಕೊರೆದು ಬಡಿದು ಕೂರಿಸುತ್ತದೆ. ಒಂದೇ ಮರದಲ್ಲಿ ಸಾವಿರಾರು ತೂತು, ಕೆಲವು ಕಡೆ 50,000ದವರೆಗೂ ಲೆಕ್ಕ ಸಿಕ್ಕಿದೆ. ಒಂದು ತಲೆಮಾರಿನಲ್ಲಿ ಆಗುವ ಕೆಲಸ ಅಲ್ಲ ಅದು. ಗುಂಪು ವರ್ಷ ವರ್ಷವೂ ಸೇರಿಸುತ್ತಾ ಹೋಗುತ್ತದೆ. ನಾನು ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಕಣಜ ಮರ ಅಂತಲೇ ಬರೆದೆ. ಮೊದಲ ಸಲ ಅದರ ಬುಡದಲ್ಲಿ ನಿಂತಾಗ ತೊಗಟೆ ಮೇಲೆ ಕೈಯಾಡಿಸಿದೆ. ತೂತಿನೊಳಗೆ ಕಾಯಿ ಎಷ್ಟು ಬಿಗಿಯಾಗಿ ಕೂತಿತ್ತು ಅಂದರೆ ಉಗುರು ತೂರಿಸಲು ಜಾಗವಿಲ್ಲ. ಕಾಯಿ ಒಣಗಿದ ಹಾಗೆ ಸಣ್ಣಗಾಗಿ ಸಡಿಲವಾಗುತ್ತದೆ. ಆಗ ಹಕ್ಕಿ ಬಂದು ಅದನ್ನು ಕಿತ್ತು ಇನ್ನೂ ಚಿಕ್ಕ ತೂತಿಗೆ ಬದಲಾಯಿಸುತ್ತದೆ. ಸಡಿಲ ಕಾಯಿಯನ್ನು ಅಳಿಲು, ಜೇ ಹಕ್ಕಿಗಳು ಸುಲಭವಾಗಿ ಕದಿಯುತ್ತವೆ.

ಈ ಕಣಜವೇ ಸರಹದ್ದಿನ ನಡುಮನೆ. ಕಾರ್ಮೆಲ್ ಕಣಿವೆಯ ಹೇಸ್ಟಿಂಗ್ಸ್ ಸಂರಕ್ಷಿತ ಪ್ರದೇಶದಲ್ಲಿ 1968ರಿಂದ ಈ ಹಕ್ಕಿಯ ಅಧ್ಯಯನ ನಡೆಯುತ್ತಿದೆ. ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಬಂದದ್ದು ಅಲ್ಲಿಂದ. ಒಂದು ಗುಂಪಿನ ಸರಹದ್ದು ಅಲ್ಲಿ ಸರಾಸರಿ 6 ಹೆಕ್ಟೇರ್ ಆಸುಪಾಸು, ಅಂದರೆ 15 ಎಕರೆ. ಅದರೊಳಗೆ ಕಣಜ, ರಾತ್ರಿ ಮಲಗುವ ಪೊಟರೆ, ಗೂಡಿನ ಪೊಟರೆ, ವಸಂತದಲ್ಲಿ ರಸ ಹೀರುವ ಮರ ಎಲ್ಲ ಇರುತ್ತವೆ. ಗುಂಪಿನಲ್ಲಿ ಸಂತಾನಕ್ಕೆ ನಿಂತ ಗಂಡುಗಳು ಒಂದಕ್ಕಿಂತ ಜಾಸ್ತಿ ಇರಬಹುದು, ಸಾಮಾನ್ಯವಾಗಿ ಅಣ್ಣತಮ್ಮಂದಿರು ಅಥವಾ ಅಪ್ಪ ಮಕ್ಕಳು. ಹೆಣ್ಣುಗಳೂ ಹಾಗೇ, ಅಕ್ಕತಂಗಿಯರು ಒಂದೇ ಗೂಡಿನಲ್ಲಿ ಮೊಟ್ಟೆಯಿಡುತ್ತವೆ. ಹಿಂದಿನ ವರ್ಷಗಳ ಮರಿಗಳು ಬಿಟ್ಟುಹೋಗದೆ ಮನೆಯಲ್ಲೇ ಉಳಿದು ತಮ್ಮ ತಂಗಿಯರಿಗೆ ಉಣಿಸುತ್ತವೆ. ಇಷ್ಟು ಜನ ಒಂದೇ ಥರ ಕಾಣುವಾಗ ಯಾರು ಯಾರು ಅಂತ ತಿಳಿಯೋಕೆ ಉಂಗುರ ಬಿಟ್ಟರೆ ಬೇರೆ ದಾರಿಯೇ ಇಲ್ಲ.

ಗಂಡು ಹೆಣ್ಣು ಮಾತ್ರ ಮುಖದಲ್ಲಿ ಗೊತ್ತಾಗುತ್ತದೆ. ಗಂಡಿನ ನೆತ್ತಿಯ ಕೆಂಪು ನೇರವಾಗಿ ಹಣೆಯ ಬಿಳಿಗೆ ತಾಗುತ್ತದೆ. ಹೆಣ್ಣಿಗೆ ನಡುವೆ ಕಪ್ಪು ಪಟ್ಟಿ ಇದೆ. ದೊಡ್ಡ ಹಕ್ಕಿಯ ಕಣ್ಣು ಬಿಳಿ, ಆ ವರ್ಷದ ಮರಿಯ ಕಣ್ಣು ಕಪ್ಪು. ಕಾಲು ನೋಡುವ ಮೊದಲು ಇದನ್ನು ಬರೆದುಕೊಳ್ಳಿ. ಆಮೇಲೆ ಪಟ್ಟಿ ತಾಳೆ ನೋಡುವಾಗ ಅರ್ಧ ಅನುಮಾನ ಇದರಿಂದಲೇ ಬಗೆಹರಿಯುತ್ತದೆ.

ಕಾಲು ಓದುವುದು ಎಷ್ಟು ಕಷ್ಟ ಅಂತ ನೋಡಿದವರಿಗೇ ಗೊತ್ತು. ಕೆರೆ ದಂಡೆಯಲ್ಲಿ ಉದ್ದ ಕಾಲಿನ ಹಕ್ಕಿ ನಿಂತಿದ್ದರೆ ಉಂಗುರ ಎದ್ದು ಕಾಣುತ್ತದೆ. ಮರಕುಟಿಗದ ಕಾಲು ಗಿಡ್ಡ. ತೊಗಟೆಗೆ ಅಂಟಿಕೊಂಡಾಗ ಹೊಟ್ಟೆಯ ಗರಿ ಕಾಲನ್ನು ಮುಚ್ಚುತ್ತದೆ. ನಾವು ಸ್ಕೋಪ್ ತಿರುಗಿಸುವಷ್ಟರಲ್ಲಿ ಅದು ಕಾಂಡದ ಆಚೆ ಬದಿಗೆ ಹೋಗಿರುತ್ತದೆ. ಮೊದಲ ವಾರವಿಡೀ ನನ್ನ ಹಾಳೆಯಲ್ಲಿ ಪೂರ್ತಿ ಓದಿದ ಸಾಲಿಗಿಂತ ಪ್ರಶ್ನೆ ಚಿಹ್ನೆಗಳೇ ಜಾಸ್ತಿ ಇದ್ದವು. ಒಳ್ಳೆಯ ಸಮಯ ಯಾವುದು ಅಂತ ನಿಧಾನವಾಗಿ ಗೊತ್ತಾಯಿತು. ಒಣಗಿದ ಕೊಂಬೆಯ ತುದಿಯಲ್ಲಿ ಕೂತು ಗಾಳಿಯಲ್ಲಿ ಹುಳ ಹಿಡಿಯುವಾಗ ಕಾಲು ಪೂರ್ತಿ ಕಾಣುತ್ತದೆ. ಪೊಟರೆಯ ಬಾಯಿಗೆ ಬಂದು ಒಳಗೆ ಇಣುಕುವ ಒಂದೆರಡು ಕ್ಷಣ ಕಾಣುತ್ತದೆ. ಬೇಲಿಯ ಕಂಬದ ಮೇಲೆ ಇಳಿದರೆ ಅದೃಷ್ಟ. ಸೂರ್ಯ ನಮ್ಮ ಬೆನ್ನಿಗಿರುವ ಹಾಗೆ ಕುರ್ಚಿ ಹಾಕಿಕೊಳ್ಳಬೇಕು. ಎದುರು ಬಿಸಿಲಿನಲ್ಲಿ ಕೆಂಪು, ಕಡುನೀಲಿ, ಕಪ್ಪು ಎಲ್ಲ ಒಂದೇ.

ಓದುವ ಕ್ರಮ ಪ್ರತಿ ಯೋಜನೆಯಲ್ಲೂ ಬೇರೆ ಇರಬಹುದು, ಮೊದಲ ದಿನವೇ ಕೇಳಿಕೊಳ್ಳಿ. ನಮ್ಮಲ್ಲಿ ಮೊದಲು ಎಡಗಾಲು, ಮೇಲಿನಿಂದ ಕೆಳಗೆ, ಆಮೇಲೆ ಬಲಗಾಲು, ಮೇಲಿನಿಂದ ಕೆಳಗೆ. ಎಡ ಅಂದರೆ ಹಕ್ಕಿಯ ಎಡ. ಅದು ನಮ್ಮ ಕಡೆ ಎದೆ ತೋರಿಸಿ ಕೂತಾಗ ತಲೆಯೊಳಗೆ ಎಲ್ಲ ತಿರುಗಿಸಿಕೊಳ್ಳಬೇಕು. ಒಂದು ಹಕ್ಕಿಗೆ ಮೂರು ಬಣ್ಣ, ಒಂದು ಲೋಹ. ಲೋಹ ಎಲ್ಲಿದೆ ಅನ್ನುವುದೂ ಗುರುತಿನ ಭಾಗವೇ.

ಮೇಲ್ವಿಚಾರಕಿ ಒಂದು ವಿಷಯದಲ್ಲಿ ಮಾತ್ರ ತುಂಬಾ ಕಟ್ಟುನಿಟ್ಟು. ಮೂರು ಉಂಗುರ ಕಂಡು ನಾಲ್ಕನೆಯದು ಕಾಣದಿದ್ದರೆ ಮೂರನ್ನೇ ಬರೆಯಿರಿ, ನಾಲ್ಕನೆಯ ಜಾಗ ಖಾಲಿ ಬಿಡಿ ಅನ್ನುತ್ತಿದ್ದರು. ಪಟ್ಟಿ ನೋಡಿ ಹೊಂದುವ ಬಣ್ಣ ತುಂಬಿಸುವ ಹಾಗಿಲ್ಲ. ಕಾರಣ ಆಮೇಲೆ ನನಗೇ ಮನವರಿಕೆಯಾಯಿತು. ಈ ಗುಂಪಿನಲ್ಲಿ ಇರುವವರು ಇಂಥವರೇ ಅಂತ ನಾವು ಮೊದಲೇ ನಂಬಿ ಕೂತಿರುತ್ತೇವೆ. ಹೊಸಬರು ಬಂದ ದಿನ ನಮ್ಮ ಕಣ್ಣು ಹಳಬರನ್ನೇ ಓದಿಬಿಡುತ್ತದೆ. ಆಗ ಸತ್ತ ಹಕ್ಕಿ ಕಾಗದದ ಮೇಲೆ ತಿಂಗಳುಗಟ್ಟಲೆ ಬದುಕಿರುತ್ತದೆ, ಬಂದ ಹಕ್ಕಿ ಬಂದೇ ಇಲ್ಲ ಅನ್ನಿಸಿಕೊಳ್ಳುತ್ತದೆ. ಐವತ್ತು ವರ್ಷ ದಾಟಿದ ಅಧ್ಯಯನಗಳು ನಿಂತಿರುವುದು ಇಂಥ ಖಾಲಿ ಜಾಗಗಳ ಮೇಲೆ. ಈ ಬರಹದಲ್ಲಿ ನೀವು ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಇದು ನಿಜವಾಗಿ ಪರೀಕ್ಷೆಗೆ ಬಂದದ್ದು ಮೇ ತಿಂಗಳಲ್ಲಿ. ಹೊಳೆ ಪಕ್ಕದ ಗುಂಪಿನಲ್ಲಿ ಮೊಟ್ಟೆಯಿಡುವ ಹೆಣ್ಣು ಒಂದೇ ಇತ್ತು. ಎಡಗಾಲಲ್ಲಿ ಹಳದಿ ಮೇಲೆ ಲೋಹ, ಬಲಗಾಲಲ್ಲಿ ಹಸಿರು ಮೇಲೆ ಬಿಳಿ. ಮೂರು ಗಂಟೆ ಕೂತು ನೋಡುವ ಪ್ರತಿ ಕಾವಲಿನಲ್ಲೂ ಒಂದಲ್ಲ ಒಂದು ಸಲ ಕಾಣುತ್ತಿದ್ದವಳು ಒಂದು ದಿನ ಕಾಣಲಿಲ್ಲ. ಹಾಳೆಯಲ್ಲಿ ಅವಳ ಸಾಲಿನ ಎದುರು 'ಕಾಣಲಿಲ್ಲ' ಅಂತ ಬರೆದೆ. ಮಾರನೆಯ ಕಾವಲಿನಲ್ಲೂ ಅದೇ. ನನ್ನ ಜೊತೆಯ ಹುಡುಗನ ಹಾಳೆಯಲ್ಲೂ ಅದೇ. ಗಿಡುಗ ಹಿಡಿಯಿತೋ, ಬೇರೇನಾಯಿತೋ, ಗರಿ ಕೂಡ ಸಿಗಲಿಲ್ಲ. ಮನಸ್ಸಿಗೆ ಕಷ್ಟವಾಯಿತು. ಅಷ್ಟು ದಿನ ಅವಳ ಕಾಲನ್ನೇ ಹುಡುಕುತ್ತಾ ಕೂತಿದ್ದವಳು ನಾನು.

ಆಮೇಲೆ ಆ ಕಣಜ ಮರದಲ್ಲಿ ನಡೆದದ್ದನ್ನು ನಾನು ಮರೆಯಲಾರೆ. ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೇ ಗಲಾಟೆ ಒಂದು ಫರ್ಲಾಂಗು ದೂರದಿಂದ ಕೇಳುತ್ತಿತ್ತು. ಹೋಗಿ ನೋಡಿದರೆ ಮರ ಸಂತೆಯಾಗಿತ್ತು. 'ವಾಕಾ ವಾಕಾ' ಅಂತ ಕೂಗುತ್ತಾ ರೆಕ್ಕೆ ಅಗಲಿಸಿ ತಲೆಬಾಗಿಸುವ ಹಕ್ಕಿಗಳು, ಒಂದರ ಹಿಂದೆ ಒಂದು ಅಟ್ಟಿಸಿಕೊಂಡು ಹೋಗುವವು, ಕಾಲಿಗೆ ಕಾಲು ಸಿಕ್ಕಿಸಿಕೊಂಡು ಹುಲ್ಲಿನವರೆಗೆ ಉರುಳಿ ಬೀಳುವವು. ಸಂತಾನಕ್ಕೆ ನಿಂತ ಹಕ್ಕಿ ಸತ್ತು ಜಾಗ ಖಾಲಿಯಾದರೆ ಬೇರೆ ಗುಂಪುಗಳಲ್ಲಿ ಸಹಾಯಕರಾಗಿ ಕಾಯುತ್ತಿದ್ದ ಅಕ್ಕತಂಗಿಯರು ಜೊತೆಗೂಡಿ ಬಂದು ಆ ಜಾಗಕ್ಕೆ ಹೊಡೆದಾಡುತ್ತಾರೆ. ಗುಂಪಿನೊಳಗಿನ ಹೆಣ್ಣುಮಕ್ಕಳು ಆ ಜಾಗ ತುಂಬುವುದಿಲ್ಲ, ಅಲ್ಲಿರುವ ಗಂಡುಗಳು ಅವರ ಅಪ್ಪ, ಚಿಕ್ಕಪ್ಪಂದಿರು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಕ್ಕಿಗಳಿಗೆ ರೇಡಿಯೋ ಟ್ಯಾಗ್ ಕಟ್ಟಿ ನೋಡಿದಾಗ, ಇಂಥ ಜಗಳಕ್ಕೆ 3 ಕಿಲೋಮೀಟರ್ ದೂರದಿಂದಲೂ ಹಕ್ಕಿಗಳು ಬರುತ್ತವೆ, ಹೊಡೆದಾಡದೆ ಬರೀ ನೋಡುವುದಕ್ಕೆ ಬರುವವೂ ಇವೆ ಅಂತ ತಿಳಿಯಿತು. ತಮ್ಮ ಸರಹದ್ದನ್ನು, ಕಣಜವನ್ನು ಬಿಟ್ಟು ನೋಡೋಕೆ ಬರುತ್ತವೆ!

ಆ ದಿನ ನಾವು ಇಬ್ಬರು ಎರಡು ಸ್ಕೋಪ್ ಹಿಡಿದು ಕೂತೆವು. ಒಬ್ಬರು ಬಣ್ಣ ಹೇಳುವುದು, ಇನ್ನೊಬ್ಬರು ಬರೆಯುವುದು, ಸುಸ್ತಾದಾಗ ಅದಲು ಬದಲು. ಪೂರ್ತಿ ಓದಿದ್ದು ಕೆಲವನ್ನು ಮಾತ್ರ. ಅದರಲ್ಲಿ ಎರಡು ಹೆಣ್ಣುಗಳು ಗುಡ್ಡದ ಆಚೆಯ ಗುಂಪಿನವು. ಎರಡರ ಕೆಳಗಿನ ಬಲ ಉಂಗುರವೂ ಕೆಂಪು, ಒಂದೇ ವರ್ಷ ಒಂದೇ ಗೂಡಿನಲ್ಲಿ ಉಂಗುರ ತೊಟ್ಟವು. ಜಗಳ ಕೆಲವು ದಿನ ನಡೆಯಿತು. ಕೊನೆಗೆ ಹೊಳೆ ಪಕ್ಕದ ಪೊಟರೆಯಲ್ಲಿ ರಾತ್ರಿ ಮಲಗಲು ಹೋದದ್ದು ಇವೇ ಎರಡು. ಅಲ್ಲಿ ಯಾರು ಗೆದ್ದರು ಅಂತ ಖಚಿತವಾಗಿ ಹೇಳಲು ಆದದ್ದು ನಮ್ಮ ಹಾಳೆಯಲ್ಲಿ ಹಳೆಯ ಹೆಣ್ಣಿನ ಎದುರು ಬರೆದ 'ಕಾಣಲಿಲ್ಲ'ಗಳು ಸರಿಯಾಗಿ ಇದ್ದದ್ದರಿಂದ. ಅವಳು ಇದ್ದಾಗಲೇ ಇವು ಬಂದವೋ, ಹೋದ ಮೇಲೆ ಬಂದವೋ ಅನ್ನುವ ಪ್ರಶ್ನೆಗೆ ಬೇರೆ ಉತ್ತರ ಎಲ್ಲಿಯೂ ಇರಲಿಲ್ಲ.

ಸರಹದ್ದಿನ ಗೆರೆ ಎಳೆಯುವಾಗ ಈ ಜಗಳವೇ ತೊಡಕಾಯಿತು. ಹಕ್ಕಿ ಕಂಡ ಜಾಗಕ್ಕೆಲ್ಲ ಜಿಪಿಎಸ್ ಚುಕ್ಕೆ ಹಾಕಿ, ಹೊರಗಿನ ಚುಕ್ಕೆಗಳನ್ನು ಸೇರಿಸಿದರೆ ಗುಡ್ಡದ ಆಚೆಯ ಗುಂಪಿನ ಸರಹದ್ದು ಹೊಳೆಯವರೆಗೂ ಚಾಚಿಕೊಳ್ಳುತ್ತದೆ. ಆ ಎರಡು ಹೆಣ್ಣುಗಳು ಜಗಳಕ್ಕೆ ಬಂದಿದ್ದವಲ್ಲ. ಅದಕ್ಕೇ ಪ್ರತಿ ಚುಕ್ಕೆಗೂ ಹಕ್ಕಿ ಏನು ಮಾಡುತ್ತಿತ್ತು ಅಂತ ಬರೆಯಬೇಕು. ಕಾಯಿ ಕೂರಿಸುತ್ತಿತ್ತಾ, ರಸ ಹೀರುತ್ತಿತ್ತಾ, ಪಕ್ಕದವರನ್ನು ಓಡಿಸಿತಾ, ತಾನೇ ಓಡಿಸಿಕೊಂಡಿತಾ. ಓಡಿಸಿದ ಜಾಗದವರೆಗೆ ಅದರ ಸೀಮೆ, ಓಡಿಸಿಕೊಂಡ ಜಾಗ ಬೇರೆಯವರದು. ಹಕ್ಕಿ ಅಟ್ಟಿಸಿಕೊಂಡು ಹೋಗಿ ಎಲ್ಲಿ ತಿರುಗಿತು ಅನ್ನುವುದನ್ನು ಮರದ ಗುರುತು ಸಮೇತ ಬರೆದರೆ ಗಡಿ ತಾನಾಗಿಯೇ ಮೂಡುತ್ತದೆ. ಒಂದು ಕಡೆ ಎರಡು ಗುಂಪಿನವೂ ಒಂದೇ ಒಣ ಪೈನ್ ಮರದ ಬಳಿ ಬಂದು ತಿರುಗುತ್ತಿದ್ದವು. ಎಷ್ಟೋ ಸಲ ನೋಡಿದ ಮೇಲೆ ನನಗೆ ಆ ಮರ ದಾಟುವಾಗ ಹೊಸ ಹಾಳೆ ತಿರುಗಿಸುವುದು ಅಭ್ಯಾಸವಾಗಿಹೋಯಿತು.

ದೊಡ್ಡ ಅಡ್ಡಿ ಬಂದದ್ದು ದಕ್ಷಿಣದ ಕಡೆ. ಅಲ್ಲಿಯ ಗುಂಪಿನ ಕಣಜ ನಮ್ಮ ಜಾಗದಲ್ಲಿತ್ತು, ಗೂಡು ಮಾತ್ರ ಬೇಲಿಯಾಚೆ, ಖಾಸಗಿ ದನದ ರ‍್ಯಾಂಚಿನಲ್ಲಿ. ಹಕ್ಕಿಗೆ ಬೇಲಿ ಲೆಕ್ಕಕ್ಕಿಲ್ಲ, ನಮಗಿದೆ. ಮಾಲೀಕರ ಲಿಖಿತ ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ, ಪತ್ರಕ್ಕೆ ಉತ್ತರವಿಲ್ಲ. ಮರಿಗಳು ದೊಡ್ಡದಾಗುತ್ತಿವೆ, ಗೂಡು ಬಿಡುವುದಕ್ಕೆ ಇರುವುದು ಸುಮಾರು ಒಂದು ತಿಂಗಳು. ನನಗೆ ಚಡಪಡಿಕೆ. ಕೊನೆಗೆ ಒಂದು ಭಾನುವಾರ ಮೇಲ್ವಿಚಾರಕಿಯ ಜೊತೆ ಅವರ ಗೇಟಿನ ಬಳಿ ಹೋಗಿ ಕಾದೆವು. ವಯಸ್ಸಾದವರು ಪಿಕಪ್ ಗಾಡಿಯಲ್ಲಿ ಬಂದರು. ಎಲ್ಲಿ ನಡೆಯುತ್ತೀರಿ, ನಾಯಿ ತರುತ್ತೀರಾ, ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗುತ್ತೀರಾ ಅಂತ ಕೇಳಿದರು. ನಕ್ಷೆ ಬಿಡಿಸಿ ನಾವು ಕೂರುವ ಮರ ತೋರಿಸಿದೆವು. ಅಲ್ಲೇ ಬಾನೆಟ್ ಮೇಲೆ ಕಾಗದ ಇಟ್ಟು ಸಹಿ ಹಾಕಿದರು. ಆ ಹಕ್ಕಿ ತಮ್ಮ ಕೊಟ್ಟಿಗೆಯ ಮರದ ಗೋಡೆಯಲ್ಲೂ ಕಾಯಿ ತುಂಬಿದೆ ಅಂತ ಕರೆದುಕೊಂಡು ಹೋಗಿ ತೋರಿಸಿದರು. ಪತ್ರಕ್ಕಿಂತ ಮುಖ ತೋರಿಸುವುದು ಮೇಲು. ಸೀಸನ್ ಶುರುವಾಗುವ ಮೊದಲೇ ಹೋಗಿ ಮಾತಾಡಿ.

ಮೈಗೆ ಆಗುವ ತೊಂದರೆಗಳನ್ನೂ ಹೇಳಿಬಿಡುತ್ತೇನೆ. ಪಾಯ್ಸನ್ ಓಕ್ ಅನ್ನುವ ಗಿಡ ಎಲ್ಲ ಕಡೆ ಇದೆ, ಮೂರು ಮೂರು ಎಲೆ. ಅದರ ಎಣ್ಣೆ ಚರ್ಮಕ್ಕೆ ತಾಗಿದರೆ ದಿನಗಟ್ಟಲೆ ತುರಿಕೆ, ಗುಳ್ಳೆ. ಎಲೆ ಉದುರಿದ ಬರೀ ಕಡ್ಡಿಯೂ ತಾಗುತ್ತದೆ. ಬಂದ ತಕ್ಷಣ ಸೋಪು, ತಣ್ಣೀರಿನಲ್ಲಿ ತೊಳೆಯಿರಿ. ಬಟ್ಟೆ ಬೇರೆಯಾಗಿ ಒಗೆಯಿರಿ, ಟ್ರೈಪಾಡಿನ ಕಾಲನ್ನೂ ಒರೆಸಿ. ರಕ್ತ ಹೀರುವ ಉಣ್ಣೆ ಹುಳಗಳು ಲೈಮ್ ರೋಗ ತರಬಹುದು, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಸಂಜೆ ಮೈ ಪೂರ್ತಿ ನೋಡಿಕೊಳ್ಳಿ. ರ‍್ಯಾಟಲ್ ಹಾವು ಬಿಸಿಲು ಏರಿದ ಮೇಲೆ ದಾರಿಗೆ ಬರುತ್ತದೆ. ಕುರ್ಚಿ ಹಾಕುವ ಮೊದಲು ಹುಲ್ಲು ನೋಡಿ. ಜೂನ್ ನಂತರ ಮಧ್ಯಾಹ್ನದ ಕಾವಲು ಬೇಡವೇ ಬೇಡ, ಹಕ್ಕಿಗಳೂ ನೆರಳು ಹಿಡಿದು ಸುಮ್ಮನಿರುತ್ತವೆ.

ಇನ್ನೊಂದು ಘಟನೆ ಉಂಗುರದ ಬಗ್ಗೆಯೇ. ಉತ್ತರದ ಗುಂಪಿನಲ್ಲಿ ಒಂದು ಗಂಡಿನ ಬಣ್ಣಗಳು ಪಟ್ಟಿಯ ಯಾವ ಹಕ್ಕಿಗೂ ಹೊಂದುತ್ತಿರಲಿಲ್ಲ. ಮೂವರು ಬೇರೆ ಬೇರೆ ದಿನ ಓದಿದರೂ ಅದೇ ಬಂತು, ಹಾಗಾಗಿ ಓದಿದ್ದು ಸರಿಯೇ. ಮೇಲ್ವಿಚಾರಕಿ ಅದನ್ನು ಹಿಡಿದು ಲೋಹದ ನಂಬರ್ ನೋಡಲು ನಿರ್ಧರಿಸಿದರು. ಬೆಳಗಿನ ಜಾವ, ಅದು ಮಲಗುವ ಪೊಟರೆಯ ಬಾಯಿಗೆ ಬಲೆ ಒಡ್ಡಿ ಹಿಡಿದರು. ನಾನು ಕೆಳಗೆ ಟಾರ್ಚ್ ಹಿಡಿದು, ನೋಟ್‌ಬುಕ್ ಇಟ್ಟುಕೊಂಡು ನಿಂತಿದ್ದೆ. ಅವರ ಬೆರಳ ನಡುವೆ ಆ ಕಾಲು ಕಂಡಿತು. ಎರಡು ಬೆರಳು ಮುಂದೆ, ಎರಡು ಹಿಂದೆ, ಉಗುರು ಸೂಜಿಯ ಹಾಗೆ ಮೊನಚು. ಬಿಳಿ ಅಂತ ನಾವು ಓದುತ್ತಿದ್ದ ಉಂಗುರದ ಹೊರ ಮೈ ನಿಜವಾಗಿಯೂ ಬಿಳಿಚಿಕೊಂಡಿತ್ತು. ಅವರು ಅದನ್ನು ಸ್ವಲ್ಪ ತಿರುಗಿಸಿ ಸುರುಳಿಯ ಒಳ ಮಡಿಕೆ ತೋರಿಸಿದರು. ಅಲ್ಲಿ ಬಿಸಿಲು ತಾಗದ ಕಡೆ ತಿಳಿ ನೇರಳೆ ಹಾಗೇ ಉಳಿದಿತ್ತು. ಒಂಬತ್ತು ಅಂಕಿಯ ನಂಬರ್ ಒಂದೊಂದಾಗಿ ಹೇಳಿದರು, ನಾನು ಬರೆದು ತಿರುಗಿ ಓದಿ ಹೇಳಿದೆ. ಎಷ್ಟೋ ವರ್ಷದ ಹಿಂದೆ ಅದೇ ಗುಂಪಿನಲ್ಲಿ ಹುಟ್ಟಿದ ಹಕ್ಕಿ. ಕಳೆದ ಸೀಸನ್‌ನಲ್ಲಿ ಕಾಣೆಯಾಗಿದೆ ಅಂತ ಪಟ್ಟಿಯಿಂದ ತೆಗೆದಿದ್ದರು. ಹೊಸ ಉಂಗುರ ಹಾಕಿ ಬಿಟ್ಟಾಗ ಅದು ನೇರ ಕಣಜಕ್ಕೆ ಹೋಗಿ ಕೂತಿತು. ಎಷ್ಟು ಖುಷಿಯಾಯಿತು ಅಂದರೆ ನಾನು ಬೆಳಗ್ಗೆ ಏಳಕ್ಕೇ ಮನೆಗೆ ಫೋನ್ ಮಾಡಿ ಹೇಳಿದೆ.

ಇಂಥ ಕೆಲಸಕ್ಕೆ ಹೋಗದವರಿಗೂ ಒಂದು ಮಾತು. ಅಮೆರಿಕದಲ್ಲಿ ಎಲ್ಲಾದರೂ ಉಂಗುರ ತೊಟ್ಟ ಹಕ್ಕಿ ಕಂಡರೆ, ಸತ್ತು ಬಿದ್ದಿದ್ದರೂ ಸರಿ, ಬರ್ಡ್ ಬ್ಯಾಂಡಿಂಗ್ ಲ್ಯಾಬ್‌ನ ವೆಬ್‌ಸೈಟಿನಲ್ಲಿ ವರದಿ ಮಾಡಬಹುದು. ದುಡ್ಡಿಲ್ಲ, ಖಾತೆ ಬೇಡ. ಆ ಹಕ್ಕಿಗೆ ಯಾವಾಗ, ಎಲ್ಲಿ ಉಂಗುರ ಹಾಕಿದ್ದರು ಅಂತ ಅವರು ತಿಳಿಸುತ್ತಾರೆ. ಬಣ್ಣದ ಉಂಗುರವಾದರೆ ಎಡ ಬಲ, ಮೇಲೆ ಕೆಳಗೆ ಸರಿಯಾಗಿ ಬರೆಯಿರಿ, ಕಾಣದ್ದನ್ನು ಬಿಟ್ಟುಬಿಡಿ.

ಸೀಸನ್ ಕೊನೆಯಲ್ಲಿ ಹಾಳೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕುವುದು, ಇಬ್ಬರು ಕೂತು ಸಾಲು ಸಾಲು ತಾಳೆ ನೋಡುವುದು. ಬೇಸರದ ಕೆಲಸ ಅಂದುಕೊಂಡಿದ್ದೆ, ಅಲ್ಲಿಯೇ ಗುಂಪುಗಳ ಕಥೆ ಪೂರ್ತಿ ಕಂಡಿತು. ಹೊಳೆ ಪಕ್ಕದ ಅಕ್ಕತಂಗಿಯರು ನಾನು ಅಲ್ಲಿಂದ ಹೊರಡುವಷ್ಟರಲ್ಲಿ ಮೊಟ್ಟೆಯಿಟ್ಟಿರಲಿಲ್ಲ. ಕೆಲವು ವರ್ಷ ಈ ಹಕ್ಕಿ ಶರತ್ಕಾಲದಲ್ಲೂ ಗೂಡು ಮಾಡುತ್ತದೆ, ಈಗ ಅಲ್ಲಿರುವವರು ನೋಡುತ್ತಿದ್ದಾರೆ. ದಕ್ಷಿಣದ ಗುಂಪಿನ ಗಡಿ ನಮ್ಮ ನಕ್ಷೆಯಲ್ಲಿ ಒಂದು ಕಡೆ ಚುಕ್ಕೆ ಗೆರೆಯಾಗಿಯೇ ಉಳಿದಿದೆ, ಅನುಮತಿ ಬರುವಷ್ಟರಲ್ಲಿ ಅರ್ಧ ಸೀಸನ್ ಹೋಗಿತ್ತು. ರ‍್ಯಾಂಚಿನವರ ಸಹಿ ಇರುವ ಪತ್ರ ಫೈಲಿನಲ್ಲಿದೆ. ಅದರ ಅವಧಿ ಡಿಸೆಂಬರಿಗೆ ಮುಗಿಯುತ್ತದೆ. ಮುಂದಿನ ಸಲ ಹೋಗುವವರು ಮೊದಲು ಅದನ್ನು ನವೀಕರಿಸಿಕೊಳ್ಳಿ, ಭಾನುವಾರ ಹೋದರೆ ಅವರು ಸಿಗುತ್ತಾರೆ.